ನಮ್ಮ ಬಾಯಿಗೆ ಒಗ್ಗಿದ ಫ್ರೆಂಚ್

ಮಂಗಳೂರಿನ ನಮ್ಮ ಹೈಸ್ಕೂಲಿನಲ್ಲಿ ಫ್ರೆಂಚ್ ಮೇಡಂ ಮೊದಲು ಬಿಡಿಸುತ್ತಿದ್ದದ್ದು ಇಂಗ್ಲಿಷಿನ ಚಾಳಿಯನ್ನು. ಫ್ರೆಂಚ್ ಪುಸ್ತಕದಲ್ಲಿ ‘ಟೇಬಲ್’ ಕಂಡ ಕೂಡಲೇ ಇಂಗ್ಲಿಷ್ ಮೀಡಿಯಂ ಮಕ್ಕಳ ನಾಲಿಗೆ ಟಕಾರಕ್ಕೆ ಮಡಚಿಕೊಳ್ಳುತ್ತದೆ. ಅದು ‘ತಾಬ್ಲ್’. ಫ್ರೆಂಚಿನ ತ, ದ ಹಲ್ಲಿಗೆ ತಾಗಿಯೇ ಹುಟ್ಟುತ್ತವೆ, ಉಸಿರಿನ ಒತ್ತಿಲ್ಲ. ಮನೆಯಲ್ಲಿ ಆಡುವ ತ, ಪ, ಕ ಇದ್ದರೆ ಸಾಕು.

ತುಳುವರಿಗೆ ಇನ್ನೊಂದು ಲಾಭವಿತ್ತು. ‘ಯಾನ್ ಬತ್ತೆ’ (ನಾನು ಬಂದೆ), ‘ಆಯೆ ಬತ್ತೆ’ (ಅವನು ಬಂದ) ಎರಡನ್ನೂ ಬರೆಯುವುದು ಒಂದೇ ಥರ, ಆದರೆ ಮೊದಲನೆಯದರ ಕೊನೆಯ ‘ಎ’ ಹೆಚ್ಚು ಬಾಯಿ ತೆರೆದದ್ದು. ಫ್ರೆಂಚಿನ ಎರಡು ಬಗೆಯ ‘ಎ’ಗಳನ್ನು ಹಿಡಿಯಲು ಅಷ್ಟು ಕಿವಿ ಇದ್ದರಾಯಿತು. ಕೊಂಕಣಿಯವರಿಗೆ ಅನುನಾಸಿಕ ಸಲೀಸು. ‘ಹಾಂವ್’ (ನಾನು) ಎನ್ನುವಾಗ ಸ್ವರವೇ ಮೂಗಿನಲ್ಲಿ ಹಾಯುತ್ತದಲ್ಲ! ಉಳಿದವರು ಮೊದಲು ‘ಬೊ’ ಎಂದು, ತುಟಿ ಕದಲಿಸದೆ ಗಾಳಿಯನ್ನು ಮೂಗಿಗೂ ಬಿಡಬೇಕು. ನಾಲಿಗೆಯ ತುದಿ ಕೆಳಹಲ್ಲಿನ ಹಿಂದೆಯೇ ಇರಬೇಕು. ಅದು ಮೇಲೆದ್ದರೆ ‘ಒಳ್ಳೆಯ’ ಎನ್ನುವ ‘ಬೋಂ’ ಹೋಗಿ ‘ಬೊನ್’ ಆಗುತ್ತದೆ, ಪುಲ್ಲಿಂಗ ಸ್ತ್ರೀಲಿಂಗವಾಗುತ್ತದೆ.

ನಮ್ಮ ಯಾವ ಭಾಷೆಯೂ ನೆರವಿಗೆ ಬಾರದ್ದು ‘ನೀನು’ ಎನ್ನುವ ‘ತ್ಯು’ವಿನ ಸ್ವರ. ಲಿಪಿಯಲ್ಲಿ ಹೀಗೆ ಬರೆಯಬೇಕಾಗಿದೆ, ಆದರೆ ಅಲ್ಲಿ ಯಕಾರವೇ ಇಲ್ಲ. ‘ಈ’ ಎಂದು ಎಳೆಯುತ್ತಲೇ ತುಟಿಯನ್ನಷ್ಟೇ ‘ಊ’ಗೆ ಗುಂಡಗೆ ಮಾಡಬೇಕು. ತುಟಿಯ ಜೊತೆ ನಾಲಿಗೆಯೂ ಹಿಂದೆ ಸರಿಯುವುದೇ ಎಲ್ಲರ ತೊಂದರೆ. ಸರಿದರೆ ‘ಮೇಲೆ’ ಎನ್ನುವ ‘ದೆಸ್ಯು’, ‘ಕೆಳಗೆ’ ಎನ್ನುವ ‘ದೆಸು’ ಆಗಿಬಿಡುತ್ತದೆ. ಕೈಗನ್ನಡಿ ಹಿಡಿದರೂ ನಾಲಿಗೆ ಕಾಣದು, ಕಿವಿಯನ್ನೇ ನಂಬಬೇಕು.

ಆದರೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಲಯದ್ದು. ‘ನಾನು ಮಂಗಳೂರಿನಲ್ಲಿ ವಾಸಿಸುತ್ತೇನೆ’ ಎನ್ನಲು ಝ-ಬಿ-ತಾ-ಮಾಂ-ಗ-ಲೋರ್: ಮೇಜಿಗೆ 6 ತಟ್ಟು, ಐದು ಸಮ, ಕೊನೆಯದು ಮಾತ್ರ ಉದ್ದ. ಇಂಗ್ಲಿಷ್ ಚಾಳಿಯವರು ನಡುವೆ ‘ಮಾಂ’ ಮೇಲೆ ಗುದ್ದುತ್ತಾರೆ. ಅದಕ್ಕೇ ಹಿಂದಿನಿಂದ ಕಟ್ಟಿಸುತ್ತಿದ್ದರು: ಲೋರ್, ಗ-ಲೋರ್, ಮಾಂ-ಗ-ಲೋರ್. ಹೀಗೆ ಕಟ್ಟಿದರೆ ವಾಕ್ಯ ಎಷ್ಟು ಬೆಳೆದರೂ ಒತ್ತು ತುದಿಯಲ್ಲೇ ಉಳಿಯುತ್ತದೆ. ‘ತಾ’ದಲ್ಲಿ ‘ಝಬಿತ್’ (ವಾಸಿಸುತ್ತೇನೆ), ‘ಆ’ (ಅಲ್ಲಿ) ಎಂಬ ಎರಡು ಪದ ಕೂಡಿರುವುದೂ ತಟ್ಟುವಾಗಲೇ ಗೊತ್ತಾಗುತ್ತದೆ. ಎಲ್ಲೆಡೆ ಕೂಡಿಸಲೂ ಬಾರದು; ‘ಲೆ ಎರೊ’ (ವೀರರು) ಎನ್ನುವಲ್ಲಿ ಕೂಡಿಸಿದರೆ ‘ಲೆ ಝೆರೊ’ ಆಗಿ ವೀರರು ಸೊನ್ನೆಗಳಾಗುತ್ತಾರೆ.

ಕೊನೆಗೆ ಸ್ವರದ ಏರಿಳಿತ. ‘ಬರ್ತೀಯಾ’ ಎನ್ನುವಲ್ಲಿ ನಮ್ಮ ಪ್ರಶ್ನೆಯನ್ನು ‘ಆ’ ಹೊರುತ್ತದೆ. ಅದನ್ನೇ ಫ್ರೆಂಚಿನಲ್ಲಿ ‘ತ್ಯು ವ್ಯಾಂ’ ಎನ್ನುವಲ್ಲಿ ಅಂಥ ಪ್ರತ್ಯಯವಿಲ್ಲ, ಕೊನೆಯ ಸ್ವರ ಏರಿದರೆ ಪ್ರಶ್ನೆ, ಇಳಿದರೆ ಹೇಳಿಕೆ. ‘ಎಲ್ಲಿ’, ‘ಯಾವಾಗ’ ಎಂಬ ಪದ ವಾಕ್ಯದ ಮೊದಲಲ್ಲಿದ್ದರೆ ಪ್ರಶ್ನೆ ಅಲ್ಲೇ ಮುಗಿಯಿತು, ಸಾಮಾನ್ಯವಾಗಿ ಕೊನೆ ಇಳಿಯಬೇಕು. ಮಕ್ಕಳು ಅಲ್ಲೂ ಏರಿಸುತ್ತಾರೆ.