ಪಾಂಗ್ತಿಯ ಅಮುರ್ ಚಾಣಗಳನ್ನು ನೋಡಲು ಹೊರಟವರಿಗೆ

ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಸುತ್ತಲಿನ ಗುಡ್ಡಗಳಿಗೆ ಅಕ್ಟೋಬರ್ ಕೊನೆಯ ವಾರಗಳಲ್ಲಿ ಬಂದಿಳಿಯುವ ಅಮುರ್ ಚಾಣಗಳೆಂಬ ಪುಟ್ಟ ವಲಸೆ ಬೇಟೆಹಕ್ಕಿಗಳನ್ನು ನೋಡಬೇಕೆಂದಿರುವವರು ವೋಖಾ ಪಟ್ಟಣದಲ್ಲಿ ಕೋಣೆ ಹಿಡಿಯಬಾರದು. ನೇರವಾಗಿ ಪಾಂಗ್ತಿ ಗ್ರಾಮದ ಯಾವುದಾದರೂ ಮನೆಯಲ್ಲಿ ಉಳಿದುಕೊಳ್ಳಬೇಕು. ಆ ಸೀಮೆಯಲ್ಲಿ ನವೆಂಬರಿನ ಸೂರ್ಯ ಐದೂವರೆಗೆಲ್ಲ ಮೂಡಿ ಸಂಜೆ ನಾಲ್ಕೂವರೆಗೆ ಮುಳುಗಿಬಿಡುತ್ತಾನೆ. ತಂಗುಮರಗಳಿಂದ ಹಕ್ಕಿಗಳು ಒಟ್ಟಾಗಿ ಏಳುವುದು ಬೆಳಕು ಹರಿಯುವ ಹೊತ್ತಿಗೆ, ಮರಳುವುದು ಕತ್ತಲಾಗುವ ಮುಂಚೆ. ಎರಡೂ ಹೊತ್ತು ಪಟ್ಟಣದಿಂದ ಹೋಗಿಬರುವುದೆಂದರೆ ಅಂಕುಡೊಂಕಿನ ಘಟ್ಟದ ರಸ್ತೆಯಲ್ಲಿ ಕತ್ತಲೆಯ ಪ್ರಯಾಣವೇ ಸರಿ.

ನಮಗಾದದ್ದನ್ನು ಹೇಳುತ್ತೇನೆ. ವೋಖಾದಲ್ಲಿ ಬಿಸಿನೀರು ಬಾರದ ಲಾಡ್ಜ್ ಕೋಣೆಗೆ 2,500 ರೂಪಾಯಿ ಕೊಟ್ಟು ಮಲಗಿದ್ದೆವು. ಮುಂಜಾನೆ ಮೂರೂವರೆಗೆ ಬರುತ್ತೇನೆಂದು ಮುಂಗಡ ಪಡೆದಿದ್ದ ಟ್ಯಾಕ್ಸಿ ಚಾಲಕ ಐದರ ಹತ್ತಿರ ಬಂದ. ದಾರಿಯ ಕವಲಿನಲ್ಲಿ ಗಾಡಿ ನಿಲ್ಲಿಸಿ, ಮುಂದಿನ ರಸ್ತೆ ಹಾಳಾಗಿದೆ, ಇನ್ನೂ ಅಷ್ಟೇ ಹಣ ಕೊಟ್ಟರೆ ಮಾತ್ರ ಹೋಗುತ್ತೇನೆ ಎಂದು ಹಟ ಹಿಡಿದ. ಚೌಕಾಶಿ ಮುಗಿಯುವಷ್ಟರಲ್ಲಿ ಬಿಸಿಲು ಬಿದ್ದು, ಹಕ್ಕಿಗಳೆಲ್ಲ ಚದುರಿಹೋಗಿದ್ದವು. ಆದ್ದರಿಂದ ಬಾಡಿಗೆಯನ್ನು ಊರಿನವರ ಮೂಲಕವೇ ಗೊತ್ತುಮಾಡಿಸಿ, ಯಾವ ಜಾಗದವರೆಗೆ ಎಂಬುದನ್ನು ಹೊರಡುವ ಮುನ್ನ ಬಾಯಿಬಿಟ್ಟು ಹೇಳಿಸಿಕೊಳ್ಳಿ. ಭಾನುವಾರವನ್ನಂತೂ ಪ್ರಯಾಣಕ್ಕೆ ಇಟ್ಟುಕೊಳ್ಳಲೇಬೇಡಿ. ಅಂದು ಎಲ್ಲರೂ ಚರ್ಚಿನಲ್ಲಿರುತ್ತಾರೆ, ಅಂಗಡಿಗಳು ಮುಚ್ಚಿರುತ್ತವೆ, ಜನ ಹಂಚಿಕೊಂಡು ಹೋಗುವ ಬಾಡಿಗೆ ಗಾಡಿ ಸುಮೋ ಸಿಗುವುದು ದುರ್ಲಭ. ಹೊರಗಿನವರು ನಾಗಾಲ್ಯಾಂಡ್ ಪ್ರವೇಶಿಸಲು ಬೇಕಾದ ಇನ್ನರ್ ಲೈನ್ ಪರವಾನಗಿಯನ್ನು ಊರು ಬಿಡುವ ಮೊದಲೇ ಆನ್‌ಲೈನಿನಲ್ಲಿ ಪಡೆದು ಎರಡು ಪ್ರತಿ ಮುದ್ರಿಸಿಕೊಳ್ಳಿ.

ಪಟ್ಟಣದಲ್ಲಿ ನನಗೆ ಮೆಚ್ಚುಗೆಯಾದದ್ದು ಸುಮೋ ನಿಲ್ದಾಣದ ಹಿಂದಿನ ಒಂದು ಪುಟ್ಟ ಅನ್ನದ ಹೋಟೆಲು. ಅದಕ್ಕೆ ಹೆಸರಿನ ಫಲಕವೂ ಇಲ್ಲ. 120 ರೂಪಾಯಿಗೆ ಬೇಕಾದಷ್ಟು ಅನ್ನ, ತೆಳ್ಳಗಿನ ಬೇಳೆ, ಉಪ್ಪಷ್ಟೇ ಹಾಕಿ ಬೇಯಿಸಿದ ಸಾಸಿವೆ ಸೊಪ್ಪು, ಹುಳಿ ಬರಿಸಿದ ಕಳಲೆ ಹಾಕಿದ ಹಂದಿಮಾಂಸ, ಸುಟ್ಟ ಟೊಮೆಟೊ ಜೊತೆ ಕುಟ್ಟಿದ, ಬಲು ಖಾರದ ರಾಜಾ ಮೆಣಸಿನ ಚಟ್ನಿ ಬಡಿಸಿದರು. ಮಲೆನಾಡಿನಲ್ಲಿ ಕಳಲೆ ತಿಂದು ಬೆಳೆದವರಿಗೂ ಆ ಹುಳಿ ಹೊಸದು. ಒಂದು ತುತ್ತಿಗೇ ಹಿಡಿಸಿತು. ಅಡುಗೆ ಮಾಡುತ್ತಿದ್ದ ಹಿರಿಯ ಹೆಂಗಸು ಎರಡನೆಯ ಸಲ ಅನ್ನ ಬಡಿಸಲು ತಾವೇ ಎದ್ದು ಬಂದರು. ಮಾಂಸ ತಿನ್ನದವರು ಮೊದಲೇ ಹೇಳಿದರೆ ಕಳಲೆಯನ್ನು ಬೇರೆಯಾಗಿ ಕೊಡುತ್ತಾರೆ. ಚಟ್ನಿಯನ್ನು ಮಾತ್ರ ಬೆರಳ ತುದಿಯಷ್ಟೇ ಹಾಕಿಸಿಕೊಳ್ಳಿ.

ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸುವ ಕೆಲಸದಲ್ಲಿ ಕೈಜೋಡಿಸಬಹುದು ಎಂಬ ಆಸೆಯಿಂದ ಬರುವವರು ಇದ್ದಾರೆ. ಅದು ಸಾಧ್ಯವಿಲ್ಲ, ಸಾಧ್ಯವಾಗಬಾರದು ಎಂಬುದೇ ನನ್ನ ಅಭಿಪ್ರಾಯ. ಹಕ್ಕಿ ಹಿಡಿಯಲು ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಬೇಕು, ಕೈಗೆ ತರಬೇತಿ ಬೇಕು. ಸುಮಾರು ನೂರೈವತ್ತು ಗ್ರಾಂ ತೂಗುವ ಚಾಣವನ್ನು ಎದೆ ಒತ್ತದಂತೆ ಹಿಡಿದು, ರೆಕ್ಕೆ ಅಳೆದು, ತೂಗಿ, ಕಾಲಿಗೆ ಲೋಹದ ಉಂಗುರ ಕೂರಿಸಿ ಬೇಗನೆ ಬಿಟ್ಟುಬಿಡಬೇಕಾಗುತ್ತದೆ. 2013ರ ನವೆಂಬರಿನಲ್ಲಿ ವಿಜ್ಞಾನಿಗಳು ಇಲ್ಲಿ ಮೂರು ಚಾಣಗಳಿಗೆ ಅವುಗಳ ಹಾದಿ ತಿಳಿಸುವ ಉಪಗ್ರಹ ಟ್ಯಾಗ್ ಕಟ್ಟಿ ನಾಗಾ, ಪಾಂಗ್ತಿ, ವೋಖಾ ಎಂದು ಹೆಸರಿಟ್ಟರು. ಅವುಗಳ ಹಾದಿಯಿಂದಲೇ, ಇಷ್ಟು ಪುಟ್ಟ ಹಕ್ಕಿ ಅರಬ್ಬಿ ಸಮುದ್ರವನ್ನು ಎಲ್ಲೂ ಇಳಿಯದೆ ದಾಟಿ ಆಫ್ರಿಕ ಸೇರುವುದು ಕಣ್ಣಿಗೆ ಕಟ್ಟಿದಂತೆ ತಿಳಿಯಿತು. ಅದರ ಹಿಂದಿನ ವರ್ಷವಷ್ಟೇ ಇದೇ ಕಾಡಿನಲ್ಲಿ ಮೀನುಬಲೆ ಕಟ್ಟಿ ಲಕ್ಷಕ್ಕೂ ಹೆಚ್ಚು ಚಾಣಗಳನ್ನು ಕೊಂದ ಅಂದಾಜಿತ್ತು. ಅಂದು ಬಲೆ ಕಟ್ಟಿದವರಲ್ಲಿ ಹಲವರು ಇಂದು ಕಾವಲುಗಾರರು. ಅವರ ಪಾಲಿಗೆ ಇದು ಸಂಪಾದನೆಯನ್ನು ಬಿಟ್ಟುಕೊಟ್ಟು ಹಿಡಿದ ಕೆಲಸವಾದ್ದರಿಂದ, ಪ್ರವೇಶ ಶುಲ್ಕವನ್ನೂ ಮಾರ್ಗದರ್ಶಕರ ಕೂಲಿಯನ್ನೂ ಚೌಕಾಶಿಯಿಲ್ಲದೆ ಕೊಡಿ.

ಸಂದರ್ಶಕರು ಮಾಡಬಹುದಾದ ಕೆಲಸ ಕಡಿಮೆಯೇನಲ್ಲ. ನಮ್ಮ ಜೊತೆಗಿದ್ದ ಕಾವಲುಗಾರರು ತಂತಿಯ ಮೇಲೆ ಸಾಲುಗಟ್ಟಿ ಕುಳಿತ ಹಕ್ಕಿಗಳ ಕಾಲುಗಳನ್ನು ಒಂದೊಂದಾಗಿ ದೂರದರ್ಶಕದಲ್ಲಿ ನೋಡಿಸಿದರು. ಗಂಡಿನ ಕಾಲು ಕಿತ್ತಳೆಗೆಂಪು. ಅದರ ಮೇಲೆ ಲೋಹದ ಉಂಗುರವಿದ್ದರೆ ಬಿಸಿಲಿಗೆ ಮಿನುಗುತ್ತದೆಯಂತೆ. ಉಂಗುರವಾಗಲಿ, ಬೆನ್ನಿನಿಂದ ಚಾಚಿದ, ಉಪಗ್ರಹ ಟ್ಯಾಗಿನ ತೆಳುವಾದ ಆಂಟೆನಾವಾಗಲಿ ಕಂಡರೆ ಯಾವ ಕಾಲು, ಎಷ್ಟು ಗಂಟೆ, ಯಾವ ಜಾಗ ಎಂಬುದನ್ನು ಬರೆದು, ಚಿತ್ರ ತೆಗೆದು ಅರಣ್ಯ ಇಲಾಖೆಗೆ ತಲುಪಿಸಿ. ಸಂಜೆ ಹಕ್ಕಿಗಳು ಮರಗಳಿಗೆ ಇಳಿದ ಮೇಲೆ ಟಾರ್ಚ್, ಫ್ಲ್ಯಾಶ್, ಡ್ರೋನ್ ಯಾವುದೂ ಬೇಡ. ತಂಗುಮರಗಳ ಅಡಿಗೂ ಹೋಗಬೇಡಿ. ಎಲೆಗಳ ಮೇಲೆ ಹಿಕ್ಕೆ ಬೀಳುವ ಸದ್ದು ಸೋನೆಮಳೆಯಂತೆ ದೂರಕ್ಕೇ ಕೇಳಿಸುತ್ತದೆ.

ಶನಿವಾರ ವೀಕ್ಷಣಾ ಗೋಪುರದ ಮೇಲೆ ಕಾಲಿಡಲು ಜಾಗವಿರಲಿಲ್ಲ, ಗದ್ದಲವನ್ನು ನನಗೆ ಸಹಿಸಲಾಗಲಿಲ್ಲ. ಮಂಗಳವಾರ ಅಥವಾ ಬುಧವಾರ ಸೇರುವಂತೆ ಹೊರಡಿ. ಹಕ್ಕಿಗಳು ತಂಗುವ ಜಾಗ ಬದಲಾಗುವುದುಂಟು. ಟಿಕೆಟ್ ಮಾಡಿಸುವ ಮುನ್ನ ಪಾಂಗ್ತಿಯಲ್ಲಿ ನೀವು ಉಳಿಯಲಿರುವ ಮನೆಯವರಿಗೆ ಫೋನ್ ಮಾಡಿ, ಈ ಸಲ ಎಲ್ಲಿ ಇಳಿದಿವೆ ಎಂದು ಕೇಳಿಕೊಳ್ಳಿ.