ಹೆಸರು ಕೇಳದೆ ಫೋಟೋ ಪಡೆಯುವುದು

ರೈತರು ಹೆಸರು ಹೇಳದೆ ಕಳುಹಿಸುವ ಬೀಜ, ಬೆಳೆಗಳ ಫೋಟೋಗಳನ್ನು ಪಡೆದು ಪ್ರಕಟಿಸುವ, ಕಲಬುರಗಿಯ ನಮ್ಮ ಸಣ್ಣ ಸಂಸ್ಥೆಯ ಸರ್ವರ್‌ಗೆ ಈ ವಾರ ತೊಗರಿ ಎಲೆಯ ಚಿತ್ರವೆಂಬ ಹೆಸರಿನಲ್ಲಿ ಒಂದು ಫೈಲ್ ಬಂತು. ಹೆಸರಿನ ನಡುವೆ ಚಿತ್ರದ ಗುರುತಾದ ಜೆಪಿಜಿ ಎಂದಿತ್ತು, ಕೊನೆಯಲ್ಲಿ ಸರ್ವರ್ ನಡೆಸುವ ಪ್ರೋಗ್ರಾಂ ಭಾಷೆಯ ಗುರುತಾದ ಪಿಎಚ್‌ಪಿ ಎಂದಿತ್ತು, ಒಳಗೆ ಇದ್ದದ್ದು ಸರ್ವರನ್ನು ವಶಪಡಿಸಿಕೊಳ್ಳುವ ಪ್ರೋಗ್ರಾಂ. ತಪಾಸಣೆಯಲ್ಲೇ ಅದು ತಿರಸ್ಕೃತವಾಯಿತು. ಆದರೆ ಅಂದು ಸಂಜೆ ನಡೆದ ಮಾತುಕತೆ ಇನ್ನೂ ನನ್ನನ್ನು ಬಿಟ್ಟಿಲ್ಲ.

“ಇನ್ನು ಮೇಲೆ ಮೊಬೈಲ್ ನಂಬರ್, ಓಟಿಪಿ ಇಲ್ಲದೆ ಯಾರ ಫೋಟೋನೂ ತಗೋಬಾರ್ದು ಸರ್” ಎಂದ ನಮ್ಮ ಯುವ ಪ್ರೋಗ್ರಾಮರ್. ಸಂಸ್ಥೆಯ ಹಿರಿಯರು ತಲೆಯಾಡಿಸಿದರು: “ಹೆಸರು ಕೇಳಿದ್ರ ಯಾವ ರೈತನೂ ಕಳಸಲ್ಲೋ ತಮ್ಮಾ. ಬೀಜ ಮಾರಿದ ಅಂಗಡ್ಯಾಗೇ ಮತ್ತ ಉದ್ರಿ ತರಬೇಕಾಗ್ತದ.”

ನಮಗೆ ಬರುವ ಚಿತ್ರಗಳು ಮೊಳೆಯದ ಬೀಜದವು, 2022ರ ಹಂಗಾಮಿನಲ್ಲಿ ಈ ಜಿಲ್ಲೆಯ ತೊಗರಿಯನ್ನು ನಿಂತಲ್ಲೇ ಒಣಗಿಸಿದ ನೆಟೆ ರೋಗದವು. ಕಳಪೆ ಬೀಜದ ಫೋಟೋ ಕಳುಹಿಸುವವನು ಯಾರ ಮೇಲೆ ದೂರುತ್ತಿದ್ದಾನೋ, ಹಲವು ಬಾರಿ ಅವರ ಸಾಲದಲ್ಲೇ ಇರುತ್ತಾನೆ. ಹಿರಿಯರು ಹಟಮಾರಿಗಳು, ಕಂಪ್ಯೂಟರಿನ ವಿಷಯದಲ್ಲಿ ಯಾರ ಮಾತನ್ನೂ ಸುಲಭವಾಗಿ ಒಪ್ಪುವವರಲ್ಲ. ಆದರೂ ಈ ಒಂದು ಮಾತಿನಲ್ಲಿ ಅವರು ಕಂಡದ್ದನ್ನು ಆ ಹುಡುಗ ಕಾಣಲಿಲ್ಲ. ಅವನ ಕೈ ಚುರುಕು, ಬರೆದ ಕೋಡ್ ಅಚ್ಚುಕಟ್ಟು, ಆದರೆ ಭಯವಾದೊಡನೆ ಅವನು ಫೈಲನ್ನು ಬಿಟ್ಟು ಮನುಷ್ಯನನ್ನು ವಿಚಾರಿಸಲು ಹೊರಡುತ್ತಾನೆ. ಓಟಿಪಿ ಹೇಳುವುದು ಸಿಮ್ ಯಾರ ಕೈಯಲ್ಲಿದೆ ಎಂಬುದನ್ನು ಮಾತ್ರ. ಫೈಲಿನೊಳಗೆ ಏನಿದೆ ಎಂಬುದನ್ನಲ್ಲ.

ನೋಡಬೇಕಾದದ್ದು ಫೈಲನ್ನೇ. ಹೆಸರಿನ ಬಾಲವನ್ನಾಗಲಿ, ಇದು ಚಿತ್ರ ಎಂದು ಬ್ರೌಸರ್ ಕೊಡುವ ಹೇಳಿಕೆಯನ್ನಾಗಲಿ ನಂಬುವಂತಿಲ್ಲ, ಎರಡನ್ನೂ ಕಳುಹಿಸುವವರು ಬೇಕಾದಂತೆ ಬರೆಯಬಹುದು. ಜೆಪಿಜಿ ಚಿತ್ರ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ, ಅಂದರೆ ಫೈಲಿನೊಳಗಿನ ಮೂರು ಸಣ್ಣ ಘಟಕಗಳಿಂದ, ಆರಂಭವಾಗುತ್ತದೆ. ಆದರೆ ಆ ಮೂರನ್ನು ಮುಂದಿಟ್ಟು ಹಿಂದೆ ಪಿಎಚ್‌ಪಿ ಅಡಗಿಸುವುದೂ ಸಾಧ್ಯ. ಆದ್ದರಿಂದ ನಾವು ಚಿತ್ರದ ಫೈಲನ್ನು ಬಿಚ್ಚಿ, ಅದರ ಬಣ್ಣದ ಚುಕ್ಕೆಗಳಿಂದ ಮಾತ್ರ ಹೊಸ ಚಿತ್ರ ಬರೆದು, ಮೂಲವನ್ನು ಅಳಿಸುತ್ತೇವೆ. ಹೀಗೆ ಬಿಚ್ಚುವ ತಂತ್ರಾಂಶವೂ ಅಪಾಯಕ್ಕೆ ಹೊರತಲ್ಲ. 2016ರಲ್ಲಿ ಇಮೇಜ್‌ಮ್ಯಾಜಿಕ್ ಎಂಬ ಅಂಥದೇ ತಂತ್ರಾಂಶದಲ್ಲಿ ಸಿಕ್ಕ ದೋಷದಿಂದ, ಬೇಕೆಂದೇ ರೂಪಿಸಿದ ಒಂದು ಚಿತ್ರ ಸರ್ವರ್‌ನಲ್ಲಿ ಆಜ್ಞೆಗಳನ್ನು ನಡೆಸಬಹುದಿತ್ತು. ಅದಕ್ಕಾಗಿ ಈ ಕೆಲಸವನ್ನು ಇಂಟರ್ನೆಟ್ ಸಂಪರ್ಕವಿಲ್ಲದ ಪ್ರತ್ಯೇಕ ಆವರಣದಲ್ಲಿ ನಡೆಸುತ್ತೇವೆ. ಹೊಸ ಚಿತ್ರಕ್ಕೆ ನಾವೇ ಕೊಟ್ಟ ಹೆಸರು, ವೆಬ್‌ಸೈಟಿನ ವಿಳಾಸದಿಂದ ನೇರವಾಗಿ ತಲುಪಲಾಗದ ಫೋಲ್ಡರಿನಲ್ಲಿ ಜಾಗ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬೇರೆಯದು. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಹಲವು ಬಾರಿ ಆ ಹೊಲದ ಅಕ್ಷಾಂಶ, ರೇಖಾಂಶಗಳೂ ಸೇರಿರುತ್ತವೆ. ಹೆಸರು ಕೇಳುವುದಿಲ್ಲವೆಂದು ಮಾತು ಕೊಟ್ಟ ನಾವು ಮೂಲ ಚಿತ್ರವನ್ನೇ ಪ್ರಕಟಿಸಿದರೆ ಹೊಲವನ್ನೇ ತೋರಿಸಿಕೊಟ್ಟಂತಾಗುತ್ತದೆ. ಚುಕ್ಕೆಗಳಿಂದ ಮರಳಿ ಬರೆಯುವಾಗ ಆ ಗುರುತೂ ಅಳಿದುಹೋಗುತ್ತದೆ. ಉದ್ರಿಯ ಆ ಮಾತು ನೆನಪಾದಾಗಲೆಲ್ಲ, ಸರ್ವರನ್ನು ಕಾಯುವ ಕ್ರಮವೇ ರೈತನನ್ನೂ ಕಾಯುತ್ತಿದೆ ಎಂಬುದು ನನಗೆ ಸಮಾಧಾನ ತರುತ್ತದೆ.

ಬೇಕಂತಲೇ ಸಾವಿರಾರು ಫೈಲ್ ಸುರಿದು ಡಿಸ್ಕ್ ತುಂಬಿಸುವವರ ಪ್ರಶ್ನೆ ಉಳಿದಿತ್ತು. ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸ ಒಂದಕ್ಕೆ ಬಿಗಿಯಾದ ಮಿತಿ ಹಾಕುವಂತಿಲ್ಲ, ಏಕೆಂದರೆ ಮೊಬೈಲ್ ಜಾಲದಲ್ಲಿ ಅನೇಕ ಫೋನ್‌ಗಳು ಒಂದೇ ವಿಳಾಸದಿಂದ ಬರುತ್ತವೆ. ಮಿತಿಯನ್ನು ಸಡಿಲವಾಗಿಟ್ಟು, ಒಟ್ಟು ಜಾಗಕ್ಕೂ ಗಡಿ ಹಾಕಿದೆವು. ಐಪಿ ದಾಖಲೆಯನ್ನು ಒಂದು ತಿಂಗಳು ಇಡಬೇಕೆಂದು ಹುಡುಗ, ಇಡಲೇಬಾರದೆಂದು ಹಿರಿಯರು. ಕೊನೆಗೆ ಒಂದು ದಿನ ಇಟ್ಟು ಅಳಿಸುವುದೆಂದು ಇಬ್ಬರೂ ಒಪ್ಪಿದರು, ಓಟಿಪಿಯ ಮಾತನ್ನು ಹುಡುಗನೇ ಹಿಂದಕ್ಕೆ ಪಡೆದ.