ಗದ್ದ ಮೇಲೆತ್ತಿದರೆ ‘ಇಲ್ಲ’: ಪ್ರಜ್ಞೆಯ ಅಳತೆ ಇಟಲಿಗೆ ಬಂದಾಗ

ಮಿದುಳಿಗೆ ತೀವ್ರ ಪೆಟ್ಟು ಬಿದ್ದವರು ಕೋಮಾದಿಂದ ಕಣ್ಣು ತೆರೆದ ಮೇಲೂ ಮಾತಿಗೆ ಸಿಗದೆ ತಿಂಗಳುಗಟ್ಟಲೆ ಮಲಗಿರಬಹುದು. ಇಟಲಿಯ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದ ಪುನಶ್ಚೇತನ ವಾರ್ಡೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನಗೆ ಅಂಥವರಲ್ಲಿ ಪ್ರಜ್ಞೆಯ ಸುಳಿವನ್ನು ಹುಡುಕುವುದು ನಿತ್ಯದ ಕೆಲಸ. ಅದಕ್ಕೆ ನಾವು ಬಳಸುವುದು ‘ಕೋಮಾ ರಿಕವರಿ ಸ್ಕೇಲ್-ರಿವೈಸ್ಡ್’. ಅಮೆರಿಕದ ಜೋಸೆಫ್ ಜಿಯಾಸಿನೊ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಈ ಮಾಪಕದ ಇಟಾಲಿಯನ್ ರೂಪ 2007ರಲ್ಲಿ ಬಂದಿತು; ಇಬ್ಬರು ಪರೀಕ್ಷಕರು ಒಬ್ಬನೇ ರೋಗಿಯನ್ನು ನೋಡಿದಾಗ ಅಂಕಗಳು ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬಂಥ ಪ್ರಶ್ನೆಗಳನ್ನು ಹಲವು ಕೇಂದ್ರಗಳು ಒಟ್ಟಾಗಿ ಪರಿಶೀಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು.

ಇಷ್ಟೊಂದು ಎಚ್ಚರಿಕೆ ಏಕೆಂದರೆ, ಬರಿಗಣ್ಣಿನ ಅಂದಾಜು ಇಲ್ಲಿ ಬಹಳ ಸಲ ತಪ್ಪುತ್ತದೆ. 2009ರಲ್ಲಿ ಬೆಲ್ಜಿಯಂನ ಸಂಶೋಧಕರು, ವೈದ್ಯರ ತಂಡದ ಒಮ್ಮತದ ಪ್ರಕಾರ ವೆಜಿಟೇಟಿವ್ ಸ್ಥಿತಿಯಲ್ಲಿದ್ದ, ಎಂದರೆ ಕಣ್ಣು ತೆರೆದಿದ್ದರೂ ಪ್ರಜ್ಞೆಯ ಸುಳಿವಿಲ್ಲದ, 44 ಮಂದಿಯನ್ನು ಇದೇ ಮಾಪಕದಿಂದ ಪರೀಕ್ಷಿಸಿದಾಗ, ಅವರಲ್ಲಿ 18 ಮಂದಿಗೆ ಕನಿಷ್ಠ ಮಟ್ಟದ ಪ್ರಜ್ಞೆ ಇದ್ದದ್ದು ಕಂಡುಬಂದಿತ್ತು.

ಶ್ರವಣ, ದೃಷ್ಟಿ, ಚಲನೆ, ಬಾಯಿ ಮತ್ತು ಮಾತು, ಸಂವಹನ, ಎಚ್ಚರ ಎಂಬ 6 ವಿಭಾಗಗಳಿಗೆ ಸೇರಿ ಒಟ್ಟು 23 ಅಂಕಗಳಿವೆ. ಮುಖದ ಮುಂದೆ ಕನ್ನಡಿ ಹಿಡಿದು ನಿಧಾನವಾಗಿ ಸರಿಸುತ್ತಾ ಕಣ್ಣು ಹಿಂಬಾಲಿಸುತ್ತದೆಯೇ ಎಂದು ನೋಡುವ ಭಾಗ ಯಾವ ದೇಶಕ್ಕೆ ಹೋದರೂ ಹೆಚ್ಚು ಬದಲಾಗುವುದಿಲ್ಲ. ನಿಜವಾದ ಕಷ್ಟ ಇರುವುದು ಸಂವಹನ ವಿಭಾಗದಲ್ಲಿ. ‘ನಾನು ಈಗ ನನ್ನ ಕಿವಿ ಮುಟ್ಟುತ್ತಿದ್ದೇನೆಯೇ?’ ಎಂಬಂಥ 6 ಪ್ರಶ್ನೆಗಳನ್ನು ಪರೀಕ್ಷಕರು ಕೆಲವು ಸಲ ಮುಟ್ಟಿ, ಕೆಲವು ಸಲ ಮುಟ್ಟದೆ ಕೇಳುತ್ತಾರೆ. ಕನಿಷ್ಠ 2 ಪ್ರಶ್ನೆಗಳಿಗೆ 10 ಸೆಕೆಂಡಿನೊಳಗೆ ಸ್ಪಷ್ಟವಾದ ಹೌದು-ಇಲ್ಲ ಸಂಜ್ಞೆ ಬಂದರೆ, ಉತ್ತರ ಸರಿಯಿರಲಿ ತಪ್ಪಿರಲಿ, 1 ಅಂಕ. ಆರಕ್ಕೆ ಆರೂ ಸರಿಯಾದರೆ 2 ಅಂಕ.

ಈ ಪ್ರಾಂತ್ಯದ ಟೈಲ್ಸ್ ಕಾರ್ಖಾನೆಗಳಿಗೆ ದಶಕಗಳ ಹಿಂದೆ ದಕ್ಷಿಣ ಇಟಲಿಯಿಂದ ಬಂದು ನೆಲೆಸಿದವರು ಬಹಳ. ಕಲಾಬ್ರಿಯಾ ಮೂಲದ ಅಂಥ ಹಿರಿಯರೊಬ್ಬರಿಗೆ ಉತ್ತರ ಇಟಲಿಯವರೇ ಆದ ನನ್ನ ಸಹೋದ್ಯೋಗಿ ಈ ಪ್ರಶ್ನೆಗಳನ್ನು ಕೇಳುತ್ತಿದ್ದರು. ಕಿವಿ ಮುಟ್ಟದೆ ಕೇಳಿದಾಗ ಆ ಹಿರಿಯರ ಗದ್ದ ಸ್ವಲ್ಪ ಮೇಲೆದ್ದು, ತಲೆ ದಿಂಬಿನಲ್ಲಿ ಹಿಂದಕ್ಕೆ ಒತ್ತಿ, ಹುಬ್ಬು ಏರಿತು. ತಲೆ ಅಡ್ಡಡ್ಡ ಆಡಲಿಲ್ಲವಾದ್ದರಿಂದ ಅದು ಕುತ್ತಿಗೆಯ ಬಿಗಿತವೆಂದು ದಾಖಲಾಗುವುದರಲ್ಲಿತ್ತು. ಪಕ್ಕದಲ್ಲಿದ್ದ ಅವರ ಹೆಂಡತಿ, ‘ಮನೆಯಲ್ಲಿಯೂ ಅವರು ಇಲ್ಲ ಅನ್ನುವುದು ಹೀಗೆಯೇ’ ಎಂದರು. ಗದ್ದ ಮೇಲೆತ್ತಿ ನಿರಾಕರಿಸುವುದು ದಕ್ಷಿಣ ಇಟಲಿಯಲ್ಲಿ ಹಳೆಯ ರೂಢಿ. ಉತ್ತರದಲ್ಲಿ ಬೆಳೆದವರ ಕಣ್ಣಿಗೆ ಅದು ಸುಲಭವಾಗಿ ಬೀಳುವುದಿಲ್ಲ.

ಹೆಂಡತಿಯ ಮಾತನ್ನು ನಂಬಿ ಒಡನೆಯೇ ಅಂಕ ಕೊಡುವುದೂ ಸರಿಯಲ್ಲ, ಏಕೆಂದರೆ ಬಯಸುವ ಕಣ್ಣಿಗೆ ಅರ್ಥವಿಲ್ಲದ ಅಲುಗಾಟವೂ ಉತ್ತರದಂತೆ ಕಾಣುತ್ತದೆ. ಆದ್ದರಿಂದ ಮೊದಲು ಏನೂ ಕೇಳದೆ ಒಂದು ನಿಮಿಷ ಸುಮ್ಮನೆ ಗಮನಿಸಿ, ಆ ಚಲನೆ ತಾನಾಗಿ ಎಷ್ಟು ಸಲ ಬರುತ್ತದೆಂದು ಬರೆದುಕೊಂಡೆವು. ಮುಂದಿನ ದಿನಗಳಲ್ಲಿ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಪರೀಕ್ಷಕರಿಂದ, ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿಸಿದೆವು. ಸಂಜ್ಞೆ ಪ್ರಶ್ನೆಯ ಬೆನ್ನಿಗೇ ಬರುತ್ತಿತ್ತು, ಆದರೆ ಆರೂ ಉತ್ತರಗಳು ಒಮ್ಮೆಯೂ ಸರಿಹೋಗಲಿಲ್ಲ. ಸಂವಹನದಲ್ಲಿ ಸೊನ್ನೆಯಿದ್ದದ್ದು ಒಂದಾಯಿತು, ಅಷ್ಟೇ. ಆ ಒಂದು ಅಂಕ ನನಗೆ ದೊಡ್ಡದು: ಅಲ್ಲಿಂದ ಮುಂದೆ ನರ್ಸುಗಳು ಅವರ ಮಗ್ಗುಲು ಬದಲಿಸುವ ಮೊದಲು ಅವರನ್ನೇ ಕೇಳಿ, ಗದ್ದವನ್ನು ನೋಡಿಕೊಂಡು ಕಾಯತೊಡಗಿದರು.

ಈಗ ನಮ್ಮ ವಾರ್ಡಿನಲ್ಲಿ ಮೊದಲ ಪರೀಕ್ಷೆಗೆ ಮುನ್ನವೇ ರೋಗಿಯ ಊರು, ಮನೆಮಾತು, ಹೌದು-ಇಲ್ಲ ಹೇಳುವ ಬಗೆಯನ್ನು ಮನೆಯವರಿಂದ ಕೇಳಿ ಕಡತದ ಮೊದಲ ಪುಟದಲ್ಲಿ ಬರೆಯುತ್ತೇವೆ, ಮತ್ತು ಕಡಿಮೆ ಅವಧಿಯಲ್ಲಿ ಕನಿಷ್ಠ 5 ಸಲ ಪರೀಕ್ಷಿಸದೆ ತೀರ್ಮಾನಕ್ಕೆ ಬರುವುದಿಲ್ಲ. ಒಪ್ಪಿಗೆಗೆ ತಲೆಯನ್ನು ಎಡಬಲಕ್ಕೆ ಓಲಾಡಿಸುವ ನಮ್ಮ ಕನ್ನಡಿಗರ ಸಂಜ್ಞೆಯನ್ನು ಇಲ್ಲಿನ ಸಹೋದ್ಯೋಗಿಗಳು ಇಂದಿಗೂ ‘ಇಲ್ಲ’ ಎಂದೇ ತಿಳಿಯುತ್ತಾರೆ. ಈ ಮಾಪಕವನ್ನು ಕನ್ನಡದ ರೋಗಿಗಳಿಗೆ ಹೊಂದಿಸುವವರು ಪ್ರಶ್ನೆಗಳನ್ನು ತಿದ್ದುವ ಮೊದಲು, ಬೀದರಿನಿಂದ ಚಾಮರಾಜನಗರದವರೆಗೆ ಜನ ಹೇಗೆ ತಲೆಯಾಡಿಸುತ್ತಾರೆಂದು ವಿಡಿಯೊದಲ್ಲಿ ದಾಖಲಿಸಿ, ಪರೀಕ್ಷಕರಿಗೆ ಅದನ್ನು ತೋರಿಸಿ ತರಬೇತಿ ಕೊಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.